ಇಪ್ಪತ್ಮೂರನೆಯ ಪೊಟ್ಟಣ

ಸಾವಿರದ ಒಂಬೈನೂರ ಎಂಬತ್ತಾರನೆಯ ಇಸವಿ ಜುಲೈ ಏಳನೆಯ ತಾರೀಖು ಸೋಮವಾರ, ಆದೋನಿಯ ಕಾಲೇಜೊಂದರ ಸ್ಟಾಫ್ ರೂಮಿನಲ್ಲಿ, ಹನ್ನೊಂದು ಮಂದಿ ಅಧ್ಯಾಪಕರ ಸಮಕ್ಷಮದಲ್ಲಿ ಸರ್ವಾನುಮತದಿಂದ ಒಂದು ನಿರ್ಣಯವನ್ನು ಅಂಗೀಕರಿಸಲಾಯಿತು: ಇನ್ನು ಮುಂದೆ ಖಾಲಿಯಾದ ಬೆಂಕಿಪೊಟ್ಟಣವನ್ನು ಯಾರೂ ಎಸೆಯಕೂಡದು, ಕಿಟಕಿಯ ಕೆಳಗಿನ ಡಬ್ಬದಲ್ಲಿ ಹಾಕತಕ್ಕದ್ದು. ಪರೀಕ್ಷೆಯ ಮೇಲ್ವಿಚಾರಣೆ ಯಾರು ಮಾಡಬೇಕೆಂಬ ಬಗ್ಗೆ ಇದೇ ಕೊಠಡಿಯಲ್ಲಿ ಆರು ವರ್ಷಗಳಿಂದ ಒಮ್ಮತ ಮೂಡಿರಲಿಲ್ಲ.

ನಿರ್ಣಯ ಮಂಡಿಸಿದವನು ಗಣಿತದ ಸೇತುಮಾಧವ. ಬೇಸಿಗೆಯಲ್ಲಿ ಆರು ವಾರ ಮದ್ರಾಸಿಗೆ ಹೋಗಿ ಲಿಸ್ಪ್ ಎಂಬ ಕಂಪ್ಯೂಟರ್ ಭಾಷೆ ಕಲಿತು ಬಂದಿದ್ದ. ಆದೋನಿಯಲ್ಲಿ ಹತ್ತಿ ಮಿಲ್ಲುಗಳಿದ್ದವು, ಎಣ್ಣೆ ಮಿಲ್ಲುಗಳಿದ್ದವು, ಕಂಪ್ಯೂಟರ್ ಇರಲಿಲ್ಲ. ಅದೊಂದು ಅಡ್ಡಿಯೆಂದು ಅವನಿಗೆ ತೋರಲಿಲ್ಲ. ವೈಕುಂಠವನ್ನು ನೋಡದೆಯೇ ಅದರ ಬಗ್ಗೆ ಅಧಿಕಾರವಾಣಿಯಿಂದ ಮಾತನಾಡುವ ಮನೆತನದಲ್ಲಿ ಅವನು ಹುಟ್ಟಿದ್ದ.

ಆ ಭಾಷೆಯಲ್ಲಿ ಎಲ್ಲವೂ ಪಟ್ಟಿಯೇ ಎಂದು ಅವನು ವಿವರಿಸಿದ. ಮೇಜಿನ ಮೇಲೆ ಬೆಂಕಿಪೊಟ್ಟಣಗಳನ್ನಿಟ್ಟ. ಕೊನೆಯದೊಂದನ್ನು ಬಿಟ್ಟು ಪ್ರತಿ ಪೊಟ್ಟಣದ ಒಳಗೆ ಒಂದು ಚೀಟಿ, ಅದರಲ್ಲಿದ್ದದ್ದೇ ಪೊಟ್ಟಣದ ಮೇಲೂ ಬರೆದಿತ್ತು. ಅಂಥ ಪ್ರತಿ ಪೊಟ್ಟಣದಿಂದ ಹೊರಟ ಒಂದೇ ಒಂದು ದಾರ ಅದರ ಹಿಂದಿನ ಪೊಟ್ಟಣಕ್ಕೆ ಗಂಟು ಬಿದ್ದಿತ್ತು.

"ಪಟ್ಟಿ ಅಂದ್ರ ಎರಡು ತರ. ಒಂದು, ಖಾಲಿ ಪಟ್ಟಿ. ಏನೂ ಇಲ್ಲ. ಇಲ್ಲಾಂದ್ರ ಒಂದು ಪೊಟ್ಟಣ, ಅದರ ಹಿಂದ ಒಂದು ಪಟ್ಟಿ. ಮುಗೀತು."

ಚಹಾ ತಂದಿದ್ದ ಅಟೆಂಡರ್ ಸುಂಕಪ್ಪ ಲೋಟಗಳನ್ನು ಇಡುವುದನ್ನು ಮರೆತು ನಿಂತಿದ್ದ. "ಸಾರ್, ಆ ಹಿಂದಿನ ಪಟ್ಟಿ ಅಂದ್ರ?"

"ಅದೂ ಒಂದು ಪೊಟ್ಟಣ, ಅದರ ಹಿಂದ ಒಂದು ಪಟ್ಟಿ."

"ಹಂಗಾದ್ರ ಮುಗಿಯೋದು ಯಾವಾಗ್ರಿ?"

"ಖಾಲಿ ಬಂದಾಗ." ಸೇತುಮಾಧವ ಕೊನೆಯ ಪೊಟ್ಟಣವನ್ನು ಅಲ್ಲಾಡಿಸಿ ತೋರಿಸಿದ. ಅದರಲ್ಲಿ ಚೀಟಿಯಿರಲಿಲ್ಲ, ಅದರಿಂದ ದಾರವೂ ಹೊರಟಿರಲಿಲ್ಲ. "ಎಷ್ಟು ಪೊಟ್ಟಣ ಅದಾವ ಅಂತ ತಿಳೀಬೇಕಂದ್ರ ನಾನು ಎಣಿಸೋದಿಲ್ಲ. ಹಿಂದಿನವನ್ನ ಕೇಳ್ತೀನಿ, ಅವ ಹೇಳಿದ್ದಕ್ಕ ಒಂದು ಕೂಡಿಸ್ತೀನಿ. ಅವ ತನ್ನ ಹಿಂದಿನವನ್ನ ಕೇಳ್ತಾನ. ಖಾಲಿ ಇರೋನು ಸೊನ್ನೆ ಅಂತಾನ. ಅಲ್ಲಿಂದ ಉತ್ತರ ಒಂದೊಂದೇ ಕೂಡಿಕೋತ ವಾಪಸ್ ಬರ್ತದ."

"ನಮ್ಮ ಆಫೀಸೂ ಹಂಗೇ ಐತ್ರಿ," ಎಂದ ಸುಂಕಪ್ಪ. "ಒಬ್ರು ಇನ್ನೊಬ್ರನ್ನ ಕೇಳ್ತಾರ. ಕೊನಿಗೆ ನನ್ನ ಕೇಳ್ತಾರ. ವಾಪಸ್ ಬರೋದು ಮಾತ್ರ ಇಲ್ಲ."

ಆಮೇಲೆ ಸೇತುಮಾಧವ ಮುಖ್ಯ ನಿಯಮವನ್ನು ಹೇಳಿದ. ಒಮ್ಮೆ ಗೋಂದು ಹಚ್ಚಿ ಮುಚ್ಚಿದ ಪೊಟ್ಟಣವನ್ನು ತೆರೆಯಬಾರದು. ಒಳಗಿನ ಚೀಟಿ ಬದಲಿಸಬಾರದು, ದಾರ ಬಿಚ್ಚಬಾರದು, ಕಡಿಯಬಾರದು. ಏನಾದರೂ ಸೇರಿಸಬೇಕೆಂದರೆ ಹೊಸ ಪೊಟ್ಟಣ ಮಾಡಿ, ಅದರ ದಾರವನ್ನು ಹಳೆಯದಕ್ಕೆ ಕಟ್ಟಬೇಕು. ಹಳೆಯದಕ್ಕೆ ತನ್ನ ಮುಂದೆ ಯಾರು ಬಂದರೆಂಬುದು ಗೊತ್ತೂ ಆಗುವುದಿಲ್ಲ.

ತೆಲುಗು ಪಂಡಿತರು ಕನ್ನಡಕ ತೆಗೆದರು. "ಇದೇಂಟಯ್ಯಾ, ಲೆಕ್ಕಲಾ, ಮಡಿನಾ?"

ಅದು ಗಣಿತವೋ ಮಡಿಯೋ ಎಂಬುದು ಸೇತುಮಾಧವನಿಗೂ ಪೂರ್ತಿ ಸ್ಪಷ್ಟವಿರಲಿಲ್ಲ. ಅವನ ತಂದೆ ಗುರುರಾಜಾಚಾರ್ಯರು ಊರಿನ ಅರವತ್ತು ಮನೆಗಳಿಗೆ ಪುರೋಹಿತರು. ಶ್ರಾದ್ಧಕ್ಕೆ ಕೂತವನು ತಂದೆ, ಅಜ್ಜ, ಮುತ್ತಜ್ಜ ಎಂದು ಮೂರು ತಲೆಯ ಹೆಸರು ಹೇಳಬೇಕು. ಮನೆಯಲ್ಲಿ ಒಬ್ಬರು ಹೋದರೆ ಹೊಸ ಹೆಸರು ಮುಂದೆ ಸೇರುತ್ತದೆ; ಉಳಿದವರು ಒಂದು ಹೆಜ್ಜೆ ಹಿಂದೆ ಸರಿಯುತ್ತಾರೆ; ನಾಲ್ಕನೆಯವರನ್ನು ಆಮೇಲೆ ಯಾರೂ ಕರೆಯುವುದಿಲ್ಲ. ಆಚಾರ್ಯರ ನೋಟುಬುಕ್ಕಿನಲ್ಲಿ ನಲವತ್ತು ವರ್ಷಗಳ ಸಾವುಗಳು ಒಂದರ ಮೇಲೊಂದು ಬಿದ್ದು, ಹೊಡೆದುಹಾಕಿದ ಗೆರೆಗಳ ನಡುವೆ ಇದ್ದವರು ಯಾರು, ಹೋದವರು ಯಾರು ಎಂದು ತಿಳಿಯುವುದು ಅವರಿಗೇ ಕಷ್ಟವಾಗಿತ್ತು. ಒಂದು ಮಹಾಲಯದಲ್ಲಿ ಕೂತವನ ಕೈಯಿಂದ ಅವನ ಬದುಕಿದ್ದ ಮಾವನಿಗೆ, ಆತನ ಎದುರಿಗೇ, ಪಿಂಡ ಇಡಿಸಿದ್ದರು. ಮಾವ ದೊಡ್ಡ ಮನಸ್ಸಿನವ. ಊಟ ಮಾಡಿಕೊಂಡು ಹೋದ. ಆವತ್ತಿನಿಂದ ಆಚಾರ್ಯರು, "ಸೇತೂ, ಇದನ್ನೊಂದು ಸರಿ ಮಾಡಿಕೊಡೋ," ಅನ್ನುತ್ತಿದ್ದರು. ಬೆಂಕಿಪೊಟ್ಟಣಗಳು ಅದಕ್ಕಾಗಿ.

ಉದಾಹರಣೆಗೆ ಒಂದು ವಂಶ ಬೇಕಿತ್ತು. ಹಾಜರಿ ಪುಸ್ತಕ ಹಿಡಿದುಕೊಂಡು ಕಾಲೇಜಿನ ಹೆಡ್ ಕ್ಲಾರ್ಕ್ ಪ್ರಾಣೇಶ ಒಳಗೆ ಬಂದ. ಮೂವತ್ತೆಂಟು ವರ್ಷದ, ಫೈಲಿನ ದಾರದ ಗಂಟು ಕೂಡ ಯಾವಾಗಲೂ ಎಡಗಡೆಗೇ ಬರಬೇಕೆನ್ನುವ ಮನುಷ್ಯ. ಸೇತುಮಾಧವನಿಗೆ ಬಾಲ್ಯದ ಗೆಳೆಯ.

"ನಿಂದೇ ಮಾಡೀನೋ, ಪ್ರಾಣೇಶ. ನಿನ್ನೆ ಅಪ್ಪನ ಪುಸ್ತಕ ನೋಡಿ ಕಟ್ಟಿದೆ. ಕೇಳು." ಸೇತುಮಾಧವ ಸರವನ್ನೆತ್ತಿ ಓದತೊಡಗಿದ. "ಪ್ರಾಣೇಶ. ಅವನ ಹಿಂದ, ಕೌತಾಳಂ ಭೀಮಸೇನರಾಯ. ಅವರ ಹಿಂದ—"

"ಅದು ತಪ್ಪು," ಎಂದ ಪ್ರಾಣೇಶ.

"ಅಪ್ಪನ ಪುಸ್ತಕದಾಗ—"

"ಮುಂದಿನ ಪುಟ ನೋಡು."

ಪ್ರಾಣೇಶ ದತ್ತು ಹೋದವನೆಂಬುದು ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ಬಾಯಿಬಿಟ್ಟು ಹೇಳುವ ಸಂದರ್ಭ ಮಾತ್ರ ಈವರೆಗೆ ಬಂದಿರಲಿಲ್ಲ. ನಾಲ್ಕು ವರ್ಷದವನಿದ್ದಾಗ ಅವನನ್ನು ಹೆತ್ತ ತಂದೆ ಭೀಮಸೇನರಾಯ, ಆದೋನಿಯ ಸುಶೀಲೇಂದ್ರರಾಯರಿಗೆ ನೀರು ಬಿಟ್ಟು ಕೊಟ್ಟಿದ್ದ. ಒಬ್ಬನೇ ಮಗನನ್ನು ಕೊಡಬಾರದೆಂದು ಶಾಸ್ತ್ರವಿದೆ. ಆದರೆ ಕೇಳಿದವರು ದೊಡ್ಡವರು, ಭೀಮಸೇನರಾಯನಿಗೆ ಇಲ್ಲವೆನ್ನಲು ಬರುತ್ತಿರಲಿಲ್ಲ, ಇನ್ನೊಂದು ಹುಟ್ಟುತ್ತದೆ ಎಂದುಕೊಂಡ. ಹುಟ್ಟಲಿಲ್ಲ, ಮರುವರ್ಷ ತಾನೇ ಹೋದ.

ಸೇತುಮಾಧವ ಕೆಂಪಾಗಿ, ಡಬ್ಬದಿಂದ ಒಂದು ಪೊಟ್ಟಣ ತೆಗೆದು, ಪ್ರಾಣೇಶನ ಹೆಸರು ಹೊಸದಾಗಿ ಬರೆದು, ಅದರ ದಾರವನ್ನು ನಿನ್ನೆಯೇ ಕಟ್ಟಿಟ್ಟಿದ್ದ ಸುಶೀಲೇಂದ್ರರಾಯರ ಸರಕ್ಕೆ ಕಟ್ಟಿ ಗೋಡೆಯ ಮೊಳೆಗೆ ತೂಗುಹಾಕಿದ.

"ಹಳೇದು ಕಡಿ," ಎಂದ ಪ್ರಾಣೇಶ.

"ಕಡಿಯೋ ಹಂಗಿಲ್ಲೋ. ನಿಯಮ ಅದ. ಅದಕ್ಕೇನೂ ಆಗಿಲ್ಲ, ಹೆಂಗಿತ್ತೋ ಹಂಗೇ ಅದ. ಯಾರೂ ಹಿಡಕೊಂಡಿಲ್ಲ, ಅಷ್ಟ."

"ಹಂಗಾದ್ರ ಒಗದುಬಿಡು."

"ಒಗಿಯೋದೂ ನನ್ನ ಕೆಲಸಲ್ಲ. ಮಷೀನಿನಾಗ ಕಸ ಗುಡಿಸಲಿಕ್ಕೆ ಬ್ಯಾರೆ ವ್ಯವಸ್ಥಾ ಇರ್ತದ. ಮೊಳೆಯಿಂದ ಸುರು ಮಾಡಿ ದಾರ ಹಿಡಕೊಂಡು ಹೋಗ್ತದ. ದಾರ ಮುಟ್ಟಿದ್ದೆಲ್ಲಾ ಉಳೀತದ. ಮುಟ್ಟದೇ ಇದ್ದದ್ದು ಕಸ."

ಸುಂಕಪ್ಪ ಇದನ್ನು ವೃತ್ತಿಯವನ ಗಮನದಿಂದ ಕೇಳಿಸಿಕೊಂಡ. ಹಳೆಯ ಸರ ಬೀರುವಿನ ಮೇಲೆ ಹೋಯಿತು. ಪ್ರಾಣೇಶ ಹನ್ನೊಂದು ಸಹಿ ಹಾಕಿಸಿಕೊಂಡು ಹೊರಟುಹೋದ.

ಪ್ರಾಣೇಶನ ಹೆತ್ತ ತಾಯಿ ಜಯಾಬಾಯಿ ಬದುಕಿದ್ದಳು. ಆದೋನಿಯಲ್ಲೇ, ಮಠದ ಹಿಂದಿನ ಒಂದು ಕೋಣೆಯಲ್ಲಿದ್ದು, ಮಡಿ ಅಡಿಗೆ ಮಾಡಿಕೊಂಡಿದ್ದಳು. ಶ್ರಾದ್ಧದ ಅಡಿಗೆಗೆ ಊರಲ್ಲಿ ಆಕೆಯ ಕೈಯೇ ಕೈ. ಸುಶೀಲೇಂದ್ರರಾಯರು ತೀರಿಕೊಂಡ ಮೇಲೆ ಅವರ ವರ್ಷದ ತಿಥಿಗೂ, ಮಹಾಲಯಕ್ಕೂ ಪ್ರಾಣೇಶನ ಮನೆಗೆ ಅವಳನ್ನೇ ಹೇಳುತ್ತಿದ್ದರು. ಹನ್ನೆರಡು ವರ್ಷ ಅವಳು ಅಲ್ಲಿ ಒಲೆಯ ಮುಂದೆ ಕೂತು, ನಡುಮನೆಯಲ್ಲಿ ತನ್ನ ಮಗ ಬೇರೆಯವರ ಅಪ್ಪ, ಅಜ್ಜ, ಮುತ್ತಜ್ಜರನ್ನು ಕರೆಯುವುದನ್ನು ಕೇಳಿದ್ದಳು. ಪ್ರಾಣೇಶ ಅವಳನ್ನು ಏನೆಂದೂ ಕರೆಯುತ್ತಿರಲಿಲ್ಲ. "ಬೆಲ್ಲ ಸಾಕೇನ್ರಿ?" "ಎಲಿ ಹಾಕಬಹುದೇನ್ರಿ?" ಕರೆಯುವ ಶಬ್ದವೇ ಬೇಡದ ಹಾಗೆ ವಾಕ್ಯ ಕಟ್ಟುವುದರಲ್ಲಿ ಅವನು ನಿಷ್ಣಾತನಾಗಿದ್ದ.

ಸುಂಕಪ್ಪನ ಮನೆ ಮಠದ ಓಣಿಯಲ್ಲೇ. ಅವನು ಅಂದೇ ಸಂಜೆ ಅವಳ ಬಾಗಿಲಲ್ಲಿ ನಿಂತ.

"ಅವ್ವಾರ, ಇವತ್ತು ನಮ್ಮ ಕಾಲೇಜಿನಾಗ ನಿಮ್ಮನಿಯವರ ಹೆಸರು ಹೇಳಿದ್ರು ನೋಡ್ರಿ. ಸೇತುಮಾಧವ ಸಾರು. ಎಲ್ಲರ ಮುಂದ, ದೊಡ್ಡದಾಗಿ."

"ಏನಂತ ಹೇಳಿದ್ರು?"

"ಕೌತಾಳಂ ಭೀಮಸೇನರಾಯ ಅಂತ."

"ಏನಂದಿ? ಕೇಳಸ್ಲಿಲ್ಲ."

ಸುಂಕಪ್ಪ ಇನ್ನೊಮ್ಮೆ, ಗಟ್ಟಿಯಾಗಿ ಹೇಳಿದ. ಜಯಾಬಾಯಿಯ ಕಿವಿ ಚೆನ್ನಾಗಿಯೇ ಇತ್ತು. ಗಂಡನ ಹೆಸರನ್ನು ಹೆಂಡತಿ ಬಾಯಲ್ಲಿ ಹೇಳುವ ಹಾಗಿಲ್ಲ. ಮಗ ಬೇರೆ ಗೋತ್ರಕ್ಕೆ ಹೋದವನು. ಪ್ರತಿ ವರ್ಷ ಗಂಡನ ತಿಥಿಗೆ ಅವಳು ಗುರುರಾಜಾಚಾರ್ಯರಿಗೆ ಅಕ್ಕಿ, ಬೇಳೆ, ಕುಂಬಳಕಾಯಿ ಕೊಟ್ಟು ಬರುತ್ತಿದ್ದಳು. ಆಚಾರ್ಯರು ಆ ಹೆಸರನ್ನು ಹೇಳಿ ತೆಗೆದುಕೊಳ್ಳುತ್ತಿದ್ದರು. ಆದರೆ ಆಚಾರ್ಯರು ಎಲ್ಲರ ಹೆಸರನ್ನೂ ಹೇಳುತ್ತಿದ್ದರು. ಅದು ಅವರ ಉದ್ಯೋಗ.

ಮರುದಿನ ಅವಳು ಆಚಾರ್ಯರ ಮನೆಗೆ ಬಂದಳು. ಸೇತುಮಾಧವ ಪಡಸಾಲೆಯಲ್ಲಿ ಚೀಟಿ ಬರೆಯುತ್ತಿದ್ದ.

"ಸೇತೂ, ಆ ದಾರ ಕಡದ್ಯೇನು?"

"ಇಲ್ಲ ಜಯಕ್ಕ. ಕಡಿಯೋ ಹಂಗಿಲ್ಲ."

"ಮತ್ತ ಅದು ಎಲ್ಲದ?"

"ಬೀರುದ ಮ್ಯಾಲೆ."

ಅವಳು ತಲೆಯಾಡಿಸಿ ಆಚಾರ್ಯರ ಕಡೆ ತಿರುಗಿದಳು. "ಆಚಾರ್ರ, ನಂಗ ಅರವತ್ತು ಬಂತು. ಅವನ ಬಾಯಾಗ ಅವರ ಹೆಸರು ಒಂದು ಸಲ ಬರಲಿಕ್ಕೆ ದಾರಿ ಅದಯೋ ಇಲ್ಲೋ, ಅಷ್ಟು ಹೇಳ್ರಿ."

ಆಚಾರ್ಯರು ನೋಟುಬುಕ್ಕು ಮುಚ್ಚಿಟ್ಟರು. "ಮೊದಲಿನ ಮೂರರಾಗ ಇಲ್ಲ, ಜಯಾ. ಕೊಟ್ಟ ಮ್ಯಾಲೆ ಆ ಗೋತ್ರ ಅವನದಲ್ಲ. ಒಬ್ಬನೇ ಮಗನ್ನ ಕೊಡಬಾರದಿತ್ತು. ಕೊಟ್ರು."

"ಕೊಟ್ಟವರು ಅವರು. ನಾನು ಬಾಗಿಲದಾಗ ನಿಂತಿದ್ದೆ."

"ಮಹಾಲಯದ ಪಟ್ಟಿ ಉದ್ದದ. ಅಪ್ಪ, ಅಜ್ಜ ಆತು, ಅಜ್ಜಿದೇರು, ತಾಯಿ ಕಡಿಯವರು, ಕಾಕಾ, ಮಾಮಾ, ಅತ್ತಿ, ಮಾವ, ಗುರು, ಎಲ್ಲಾ ಮುಗದ ಮ್ಯಾಲೆ ಕೊನಿಗೆ ಆಪ್ತರು ಅಂತ ಒಂದು ಜಾಗ ಅದ. ಅಲ್ಲಿ ಯಾರ ಹೆಸರಾದ್ರೂ ಹೇಳಬಹುದು, ಯಾವ ಗೋತ್ರನಾದ್ರೂ ಆಗಲಿ. ಆದ್ರ ಅದನ್ನ ಕೂತವನು ತಾನಾಗಿ ಹೇಳಬೇಕು. ನಾನು ಹೇಳಿಕೊಡೋದಲ್ಲ."

"ನಾನು ಕೇಳಬಹುದೇನು?"

"ಕೊಟ್ಟದ್ದನ್ನ ಕೇಳ್ತಾರೇನವಾ?"

"ಇಲ್ಲ," ಎಂದಳು ಜಯಾಬಾಯಿ. ಎದ್ದು, ಅಡಿಗೆಮನೆಯಲ್ಲಿ ಸೇತುಮಾಧವನ ಹೆಂಡತಿ ಪ್ರೇಮಾಬಾಯಿ ಸೋಸುತ್ತಿದ್ದ ಮೆಂತ್ಯಸೊಪ್ಪಿನ ಮುಂದೆ ಕೂತು, ಉಳಿದದ್ದನ್ನು ಸೋಸಿಕೊಟ್ಟು ಹೋದಳು. ಮೂವತ್ತನಾಲ್ಕು ವರ್ಷ ಕೇಳದೆ ಇದ್ದವಳಿಗೆ ಕೇಳಬಾರದೆಂದು ಹೊಸದಾಗಿ ಹೇಳಬೇಕಾಗಿರಲಿಲ್ಲ.

ಆಗಸ್ಟಿನಲ್ಲಿ ಸೇತುಮಾಧವ ಪ್ರಾಣೇಶನ ಮಹಾಲಯದ ಪಟ್ಟಿಯನ್ನೂ ಕಟ್ಟಿ ಮುಗಿಸಿದ. ಇಪ್ಪತ್ತೆರಡು ಪೊಟ್ಟಣ, ಕೊನೆಗೊಂದು ಖಾಲಿ. ಅದನ್ನು ಇನ್ನೊಂದು ಮೊಳೆಗೆ ಹಾಕಿದ. ಜಯಕ್ಕ ಬಂದು ಹೋದ ವಿಷಯವನ್ನು ಗೆಳೆಯನಿಗೆ ಹೇಳಬೇಕೆಂದು ಮೂರು ಬಾರಿ ಆಫೀಸಿಗೆ ಹೋಗಿ, ಮೂರು ಬಾರಿಯೂ ಸೀಮೆಸುಣ್ಣ ತೆಗೆದುಕೊಂಡು ಬಂದ. ತಾನಾಗಿ ಹೇಳಬೇಕು ಎಂದಿದ್ದರು ಅಪ್ಪ. ನಿಯಮಗಳ ವಿಷಯದಲ್ಲಿ ಸೇತುಮಾಧವ ಮೃದುವಾಗುವವನಲ್ಲ. ಆ ತಿಂಗಳು ಅದಕ್ಕಾಗಿ ತನ್ನನ್ನು ತಾನೇ ಬೈದುಕೊಂಡ.

ಸೆಪ್ಟೆಂಬರ್ ಮಧ್ಯದಲ್ಲಿ ಕಾಲೇಜಿಗೆ ತನಿಖಾ ಸಮಿತಿ ಬರುವ ಸುದ್ದಿಯಾಯಿತು. ಸ್ಟಾಫ್ ರೂಮ್ ಸ್ವಚ್ಛವಾಗಬೇಕೆಂದು ಪ್ರಿನ್ಸಿಪಾಲರು ಅಪ್ಪಣೆ ಮಾಡಿದರು. ಸುಂಕಪ್ಪ ಪೊರಕೆಯೊಂದಿಗೆ ಶಾಸ್ತ್ರೋಕ್ತವಾಗಿ ತೊಡಗಿದ. ಗೋಡೆಯ ಮೊಳೆಗಳಿಂದ ಆರಂಭಿಸಿ, ಒಂದೊಂದೇ ದಾರವನ್ನು ಬೆರಳಲ್ಲಿ ಹಿಡಿದು ಕೊನೆಯ ಖಾಲಿ ಪೊಟ್ಟಣದವರೆಗೆ ಹೋದ. ಮುಟ್ಟಿದ್ದನ್ನೆಲ್ಲ ಅಲ್ಲಲ್ಲೇ ಬಿಟ್ಟ. ಬೀರುವಿನ ಮೇಲೆ ಧೂಳು ಹಿಡಿದ ಒಂದು ಸರ ಸಿಕ್ಕಿತು. ಅದನ್ನು ಯಾವ ಮೊಳೆಯೂ ಹಿಡಿದಿರಲಿಲ್ಲ. ನಿಯಮದ ಪ್ರಕಾರ ಕಸ.

ಅವನು ಅದನ್ನು ಬುಟ್ಟಿಗೆ ಹಾಕಲಿಲ್ಲ. ಅಂಗೈಯಲ್ಲಿ ಇಟ್ಟುಕೊಂಡು ಆಫೀಸಿಗೆ ಹೋದ.

"ಸಾರ್, ಇದರ ಮ್ಯಾಲ ನಿಮ್ಮ ಹೆಸರೈತ್ರಿ. ಬಿಸಾಕಲೇನ್ರಿ?"

ಪ್ರಾಣೇಶ ತಲೆಯೆತ್ತಿದ. ಐದು ಪೊಟ್ಟಣಗಳ ಸರ. ಮೊದಲನೆಯದರ ಮೇಲೆ ಪ್ರಾಣೇಶ ಎಂದಿತ್ತು.

"ಸೇತುಮಾಧವನ್ನ ಕೇಳು."

"ಅವರು ಬಿಸಾಕೋದು ಅವರ ಕೆಲಸಲ್ಲ ಅಂದಾರ್ರಿ."

"ನಿಂದಲ್ಲೇನು ಕೆಲಸ?"

"ನಂದೇರಿ. ಅದಕ್ಕ ಕೇಳ್ಲಿಕ್ಕತ್ತೀನಿ." ಸುಂಕಪ್ಪ ಕಾಲು ಬದಲಿಸಿ ನಿಂತ. "ಆವತ್ತು ನಾ ಜಯವ್ವಾರಿಗೆ ಹೋಗಿ ಹೇಳಿದ್ನಿರೀ, ಹೆಸರು ಓದಿದ್ರು ಅಂತ. ಎರಡು ಸಲ ಹೇಳಿಸಿಕೊಂಡ್ರು. ಕೇಳಸ್ಲಿಲ್ಲ ಅಂದ್ರು. ಅವರಿಗೆ ಕೇಳಸ್ತೈತ್ರಿ ಸಾರ್. ಓಣಿ ಕೊನಿಗೆ ನಲ್ಲಿ ಬಂದ್ರ ಮೊದಲು ಅವರಿಗೇ ಕೇಳಸ್ತೈತಿ."

ಪ್ರಾಣೇಶ ಟೇಬಲ್ಲಿನ ಮೇಲಿದ್ದ ಫೈಲೊಂದರ ದಾರ ಬಿಚ್ಚಿ, ಮತ್ತೆ ಕಟ್ಟಿದ. ಗಂಟು ಬಲಗಡೆಗೆ ಬಂದಿತ್ತು. ಆಮೇಲೆ ಕೈ ಚಾಚಿದ. ಸುಂಕಪ್ಪ ಸರವನ್ನು ಆ ಕೈಯಲ್ಲಿಟ್ಟ. ಪ್ರಾಣೇಶ ಅದನ್ನು ಡ್ರಾಯರಿನಲ್ಲಿ ಹಾಕಿ ಬೀಗ ಹಾಕಿದ.

ಮೂರು ದಿನ ಬಿಟ್ಟು ಅವನು ಸ್ಟಾಫ್ ರೂಮಿಗೆ ಬಂದ. ಸೇತುಮಾಧವ ಒಬ್ಬನೇ ಇದ್ದ.

"ಸೇತೂ, ಪಟ್ಟಿ ಕೊನಿಗೆ ಒಂದು ಹೆಸರು ಸೇರಿಸಬೇಕಂದ್ರ ಏನು ಮಾಡ್ತೀ?"

ಸೇತುಮಾಧವನಿಗೆ ತಕ್ಷಣ ಅರ್ಥವಾಯಿತು. ಅರ್ಥವಾದದ್ದನ್ನು ಅಡಗಿಸಲು ಪಾಠಕ್ಕಿಳಿದ. "ಕೊನಿಗೆ ಸೇರ್ಸೋದು ಭಾಳ ತ್ರಾಸೋ. ಮುಂದ ಸೇರ್ಸೋದಾದ್ರ ಒಂದೇ ಪೊಟ್ಟಣ ಸಾಕು. ಕೊನಿಗೆ ಅಂದ್ರ, ಈಗ ಖಾಲಿಗೆ ಕಟ್ಟಿದ ಕಡೀ ಪೊಟ್ಟಣ ಅದಲ್ಲ, ಅದರ ದಾರ ಬಿಚ್ಚೋ ಹಂಗಿಲ್ಲ. ಅದನ್ನ ಹೊಸದಾಗಿ ಮಾಡಬೇಕು. ಅದು ಹೊಸದಾತು ಅಂದ್ರ ಅದರ ಮುಂದಿಂದೂ ಹೊಸದಾಗಬೇಕು. ಹಿಂಗ ತಲಿತನಕ. ಅದಕ್ಕ ಅಂತಾರ, ಸೇರ್ಸೋದಿದ್ರ ಮುಂದ ಸೇರ್ಸು ಅಂತ."

"ಮುಂದ ಜಾಗ ಇಲ್ಲ."

"ಹೌದು," ಎಂದ ಸೇತುಮಾಧವ.

"ಎಲ್ಲಾ ಮತ್ತ ಬರೀಬೇಕೇನು?"

"ಎಲ್ಲಾ. ಇಪ್ಪತ್ತೆರಡು, ಮ್ಯಾಲೊಂದು. ಇಪ್ಪತ್ಮೂರು."

"ಕೊನೇ ಖಾಲಿ ಪೊಟ್ಟಣ?"

"ಅದು ಹಳೇದೇ ನಡೀತದ. ಏನೂ ಇಲ್ಲ ಅನ್ನೋದು ಎಲ್ಲಾ ಪಟ್ಟಿಗೂ ಒಂದೇ."

ಪ್ರಾಣೇಶ ಡಬ್ಬದೊಳಗೆ ನೋಡಿದ. ಹದಿನೆಂಟು ಪೊಟ್ಟಣಗಳಿದ್ದವು. ಐದು ಕಡಿಮೆ. ಸ್ಟಾಫ್ ರೂಮಿಗೆ ಅತಿ ಹೆಚ್ಚು ಪೊಟ್ಟಣ ಒದಗಿಸುತ್ತಿದ್ದ ಇಂಗ್ಲಿಷ್ ಅಧ್ಯಾಪಕರು ಅದೇ ವಾರ, ಡಾಕ್ಟರು ಹೆದರಿಸಿದ್ದರಿಂದ, ಸಿಗರೇಟು ಬಿಟ್ಟಿದ್ದರು. ವಿಷಯ ತಿಳಿದು, ಯಾವ ಕೆಲಸಕ್ಕೆಂದು ಕೇಳದೆ, ಹೊಸ ಪೊಟ್ಟಣಗಳನ್ನು ತರಿಸಿ ಕಡ್ಡಿಗಳನ್ನು ಮೇಜಿನ ಮೇಲೆ ಸುರಿದರು. ಅಷ್ಟು ಕಡ್ಡಿ ಸುಮ್ಮನೆ ಹಾಳಾಗುತ್ತದೆ ಎಂಬ ಒಂದೇ ಕಾರಣಕ್ಕೆ, ಅವರೇ ಹೇಳಿದ ಪ್ರಕಾರ, ಸಿಗರೇಟು ಮತ್ತೆ ಶುರುವಾಯಿತು.

ಪೊಟ್ಟಣಗಳನ್ನು ಮಾಡಿದವನು ಪ್ರಾಣೇಶನೇ. ಸೇತುಮಾಧವ ಸಹಾಯಕ್ಕೆ ಬಂದರೆ ಬೇಡವೆಂದ. ನಾಲ್ಕು ದಿನ, ಊಟದ ಬಿಡುವಿನಲ್ಲಿ, ಸರ್ಟಿಫಿಕೇಟು ಬರೆಯುವ ಗುಂಡು ಅಕ್ಷರಗಳಲ್ಲಿ, ತನ್ನನ್ನು ಸಾಕಿದ ಮನೆಯ ಪ್ರತಿಯೊಬ್ಬರ ಹೆಸರನ್ನು ಕೊನೆಯಿಂದ ತಲೆಯವರೆಗೆ ಬರೆದ. ದಾರ ಕಟ್ಟಬೇಕಾದ ಕ್ರಮ ಅದು, ಹಿಂದಿನದಿಲ್ಲದೆ ಮುಂದಿನದನ್ನು ಕಟ್ಟಲಾಗುವುದಿಲ್ಲ. ಹಾಗಾಗಿ ಮೊಟ್ಟಮೊದಲು ಬರೆಯಬೇಕಾಗಿ ಬಂದದ್ದು, ಖಾಲಿ ಪೊಟ್ಟಣಕ್ಕೆ ತಾಗಿ ನಿಲ್ಲುವ, ಇಪ್ಪತ್ಮೂರನೆಯ ಹೆಸರನ್ನು. ಮೊದಲ ದಿನದ ಬಿಡುವೆಲ್ಲ ಆ ಒಂದಕ್ಕೇ ಹೋಯಿತು. ಉಳಿದ ಇಪ್ಪತ್ತೆರಡು ಮೂರು ದಿನದಲ್ಲಿ ಮುಗಿದವು.

ಮಹಾಲಯದ ದಿನ ಜಯಾಬಾಯಿ ಬೆಳಗ್ಗೆ ಬಂದು, ಒದ್ದೆ ಸೀರೆಯಲ್ಲಿ ಒಲೆ ಹೊತ್ತಿಸಿದಳು. ಅವಳಿಗೆ ಯಾರೂ ಏನೂ ಹೇಳಿರಲಿಲ್ಲ. ಪ್ರಾಣೇಶನ ಸಾಕುತಾಯಿ ಅನ್ನಪೂರ್ಣಾಬಾಯಿ ಅಡಿಗೆಮನೆಯ ಹೊಸ್ತಿಲಲ್ಲಿ ಕೂತು ಎಲೆ ಒರೆಸುತ್ತಿದ್ದಳು. ಬೆಂಕಿಪೊಟ್ಟಣಕ್ಕೆ ಮಡಿಯಲ್ಲಿ ಪ್ರವೇಶವಿರಲಿಲ್ಲ. ಸರ ಹೊರಗಿನ ಗೂಟದಲ್ಲಿ ತೂಗುತ್ತಿತ್ತು. ಬರೆದ ಕೈಗೆ ಅದರ ಅವಶ್ಯಕತೆಯೂ ಇರಲಿಲ್ಲ.

ಗುರುರಾಜಾಚಾರ್ಯರು ಮಂತ್ರ ಹೇಳಿದರು, ಪ್ರಾಣೇಶ ಹೆಸರು ಹೇಳಿದ. ಸುಶೀಲೇಂದ್ರರಾಯರು, ಅವರ ತಂದೆ, ಅವರ ತಂದೆ. ಅಜ್ಜಿಯರು. ತಾಯಿಯ ಕಡೆಯವರು. ಕಾಕಂದಿರು. ಮಾವ. ಗುರು. ಇಪ್ಪತ್ತೆರಡು ಪಿಂಡಗಳಾದವು. ಆಚಾರ್ಯರು ಎಳ್ಳುನೀರಿನ ಕೈಯನ್ನು ಹಾಗೆಯೇ ಹಿಡಿದುಕೊಂಡರು. ಪ್ರತಿ ವರ್ಷ ಅಲ್ಲಿಗೆ ಮುಗಿಯುತ್ತಿತ್ತು.

"ಮುಂದ?" ಎಂದರು.

"ಶಾಂಡಿಲ್ಯ ಗೋತ್ರ," ಎಂದ ಪ್ರಾಣೇಶ. "ಭೀಮಸೇನರಾಯ."

"ಸಂಬಂಧ?"

"ಆಪ್ತರು."

ಆಚಾರ್ಯರು ಇಪ್ಪತ್ಮೂರನೆಯ ಪಿಂಡ ಇಡಿಸಿದರು. ಹೊಸ್ತಿಲಲ್ಲಿದ್ದ ಅನ್ನಪೂರ್ಣಾಬಾಯಿ ತಿರುಗಿ ಒಲೆಯ ಕಡೆ ನೋಡಿ, ಒರೆಸಿದ ಎಲೆಯನ್ನೇ ಇನ್ನೊಮ್ಮೆ ಒರೆಸಿದಳು. ಆ ಹೊತ್ತಿಗೆ ಎಣ್ಣೆಯಲ್ಲಿದ್ದ ಎಂಟು ವಡೆಗಳು ಸ್ವಲ್ಪ ಹೆಚ್ಚೇ ಕೆಂಪಾದವು. ಊಟಕ್ಕೆ ಕೂತವರು ಯಾರೂ ಅದನ್ನು ಎತ್ತಿ ಆಡಲಿಲ್ಲ.

ಮಧ್ಯಾಹ್ನ ಜಯಾಬಾಯಿ ಪಾತ್ರೆ ತೊಳೆದು ಹೊರಟಾಗ ಪ್ರಾಣೇಶ ಬಾಗಿಲವರೆಗೆ ಬಂದ.

"ಬಿಸಿಲದ. ರಿಕ್ಷಾ ಹೇಳಲೇನ್ರಿ?"

"ಬ್ಯಾಡ," ಎಂದಳು ಜಯಾಬಾಯಿ. "ಇಲ್ಲೇ ಅಲ್ಲೇನು." ಗೂಟದಲ್ಲಿದ್ದ ಸರದ ಮುಂದೆ ಒಂದು ಗಳಿಗೆ ನಿಂತಳು. ಅವಳಿಗೆ ಓದಲು ಬರುತ್ತಿರಲಿಲ್ಲ. ತಲೆಯಿಂದ ಎಣಿಸಲಿಲ್ಲ, ಕೆಳಗಿನ ಖಾಲಿ ಪೊಟ್ಟಣವನ್ನು ಹಿಡಿದು, ಅದಕ್ಕೆ ತಾಗಿದ್ದನ್ನು ಬೆರಳಿಂದ ಮುಟ್ಟಿ, ಹೊರಟುಹೋದಳು.

ಎರಡು ವರ್ಷದ ಮೇಲೆ ಮಾಘಮಾಸದಲ್ಲಿ ಜಯಾಬಾಯಿ ತೀರಿಕೊಂಡಳು. ಆ ಭಾದ್ರಪದದಲ್ಲಿ ಪ್ರಾಣೇಶ ಪೊಟ್ಟಣಗಳನ್ನೆಲ್ಲ ಮತ್ತೆ ಕೊನೆಯಿಂದ ಬರೆದ. ಪಟ್ಟಿ ಇಪ್ಪತ್ನಾಲ್ಕಾಯಿತು.